ಸೋತವರೆಲ್ಲ ನಮ್ಮ ಮನೆಯಲ್ಲಿದ್ದರು

ನಾನು ಮದುವೆಯಾಗಿ ಆ ಊರಿಗೆ ಬಂದು ಏಳು ತಿಂಗಳಾಗಿತ್ತು. ನನ್ನ ಗಂಡ ಜವರಯ್ಯ ಊರ ಗರಡಿಯ ಕೆಂಪುಮಟ್ಟಿಯಲ್ಲಿ ಪಟ್ಟಕ್ಕೆ ಕುಸ್ತಿ ಆಡಲು ಹೋದ ಮಧ್ಯಾಹ್ನ ಇಬ್ಬರಿಗಾಗುವಷ್ಟು ಹುರುಳಿಕಾಳಿನ ಸಾರು ಮಾಡಿ, ಬಾಗಿಲಲ್ಲಿ ಕೂತು ಕಾಯುತ್ತಿದ್ದೆ. ಗರಡಿಯ ಕಡೆಯಿಂದ ಜನರ ಕೂಗು ಒಮ್ಮೆ ಎದ್ದು ಥಟ್ಟನೆ ನಿಂತುಹೋಯಿತು. ಪಕ್ಕದ ಮನೆಯ ಚಿಕ್ಕಮ್ಮಣ್ಣಿ ಓಡುತ್ತಾ ಬಂದು, "ಸಣ್ಣತಾಯಿ, ನಿನ್ನ ಗಂಡ ಗೆದ್ದ ಕಣೆ! ಸಾರಿಗೆ ಇನ್ನೆರಡು ಚೊಂಬು ನೀರು ಹುಯ್ಯಿ" ಅಂದಳು. ಗೆದ್ದದ್ದಕ್ಕೂ ನೀರಿಗೂ ಏನು ಸಂಬಂಧ ಅಂತ ನನಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಗಂಡ ಬೀದಿಯ ತಿರುವಿನಲ್ಲಿ ಕಾಣಿಸಿದ. ಎದೆ, ತೋಳೆಲ್ಲ ಕೆಂಪು ಮಣ್ಣು, ಹೆಗಲ ಮೇಲೆ ಬೆಳ್ಳಿ ತಗಡುಗಳ ಅಗಲವಾದ ಚರ್ಮದ ನಡುಪಟ್ಟಿ. ಅವನ ಹಿಂದೆ ಬಟ್ಟೆ ಗಂಟು ಹಿಡಿದ ಮೂವರು ಗಂಡಸರು. ಮೂವರೂ ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆ ಬಗ್ಗಿಸಿ ನಮ್ಮ ಪಡಸಾಲೆಗೆ ಬಂದರು.

"ಯಾರಿವರು?" ಅಂತ ಒಳಗೆ ಕರೆದು ಕೇಳಿದೆ.

"ಪಟ್ಟ ಸೋತೋರು. ಇನ್ಮೇಲೆ ನಮ್ಮನೇಲೇ ಇರ್ತಾರೆ."

"ಎಷ್ಟು ದಿನ?"

"ಅವರಿರೋಗಂಟ" ಅಂದ. ಸ್ವಲ್ಪ ತಡೆದು, "ಇಲ್ಲಾ, ನಾನು ಸೋಲೋಗಂಟ" ಅಂದ.

ಆ ಊರಲ್ಲಿ ಹಾಗೆ. ಕೆಂಪುಮಟ್ಟಿಯ ಮಣ್ಣಲ್ಲಿ ಪಟ್ಟ ಕಳೆದುಕೊಂಡವನು ಗೆದ್ದವನ ಮನೆ ಸೇರಬೇಕು, ಅವನ ಒಲೆಯಲ್ಲಿ ಬೆಂದದ್ದನ್ನು ಉಣ್ಣಬೇಕು. ಆ ಗೆದ್ದವನೂ ಒಂದು ದಿನ ಸೋತರೆ, ತನ್ನ ಮನೆಯಲ್ಲಿರುವ ಹಳಬರನ್ನೆಲ್ಲ ಕರೆದುಕೊಂಡು ಹೊಸಬನ ಮನೆಗೆ ಹೋಗಬೇಕು. ಸೋತವನ ಹೆಂಡತಿ ಮಕ್ಕಳು ತಮ್ಮ ಮನೆಯಲ್ಲೇ ಉಳಿಯುತ್ತಾರೆ. ಬಂದು ನೋಡಬಹುದು, ಕೂತು ಮಾತಾಡಬಹುದು. ಊಟ ಹಾಕುವ ಹಾಗಿಲ್ಲ. ಇದು ಯಾಕೆ ಅಂತ ಕೇಳಿದರೆ ಊರಿನವರು, ಮಳೆ ಯಾಕೆ ಮೇಲಿನಿಂದ ಬೀಳುತ್ತದೆ ಅಂತ ಕೇಳಿದವಳನ್ನು ನೋಡುವ ಹಾಗೆ ನೋಡುತ್ತಿದ್ದರು.

ಮೂವರಲ್ಲಿ ಹಿರಿಯ ಮುದ್ದಯ್ಯಜ್ಜ. ಎಪ್ಪತ್ತು ದಾಟಿತ್ತು, ನೆನಪು ಹಿಂದೆಮುಂದೆ ಆಗುತ್ತಿತ್ತು. ಬೆಳಿಗ್ಗೆ ಎದ್ದವನೇ, "ಇವತ್ತು ಯಾರ ಮನೇಲಿದ್ದೀವಿ?" ಅಂತ ಕೇಳುವನು. ಎರಡನೆಯವರು ಮುದ್ದಯ್ಯಜ್ಜನನ್ನು ಸೋಲಿಸಿದ್ದ ಚೆಲುವಾಚಾರ್ರು. ಮರಗೆಲಸದವರು, ಕುಸ್ತಿಯಲ್ಲಿ ಒಂದು ಕಿವಿ ಮುದುರಿ ಹೋಗಿತ್ತು. ಮೂರನೆಯವರು ಅಂದು ನನ್ನ ಗಂಡನ ಕೈಯಲ್ಲಿ ಸೋತ ಸತ್ತಾರ್ ಸಾಬರು. ಆಚಾರ್ರನ್ನು ಸೋಲಿಸಿ ಏಳು ವರ್ಷ ಪಟ್ಟ ಇಟ್ಟುಕೊಂಡಿದ್ದವರು. ನಲವತ್ತರ ಆಸುಪಾಸು, ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬಂದವರೇ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಆ ನಡುಪಟ್ಟಿಯ ಮೇಲೆ ಹನ್ನೊಂದು ತಗಡುಗಳಿದ್ದವು, ಒಂದೊಂದಕ್ಕೆ ಒಬ್ಬೊಬ್ಬನ ಹೆಸರು. ಮೊದಲಿನ ಎರಡು ಉಜ್ಜಿ ಉಜ್ಜಿ ಸವೆದು, ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಮೂರನೆಯದು ಗಾಣದ ಕೆಲಸದ ದಾಸೆಟ್ಟಿಯದು. ಅವನು ಸ್ವಂತ ಅಣ್ಣನನ್ನೇ ಸೋಲಿಸಿದ. ಪಾಲಾಗಿ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಮತ್ತೆ ಒಂದೇ ಮನೆಯಲ್ಲಿ ಉಂಡರಂತೆ. ಆರನೆಯ ತಗಡಿನ ಹೆಸರನ್ನು ಹೇಳುವಾಗ ಆಚಾರ್ರು ದನಿ ತಗ್ಗಿಸುತ್ತಿದ್ದರು. ಅವನು ಗೆದ್ದ, ಆದರೆ ಸೋತ ಮುದುಕನನ್ನು ಮನೆಗೆ ಕರೆದುಕೊಳ್ಳಲಿಲ್ಲ. ಮರುದಿನದಿಂದ ಗರಡಿಯ ಮಣ್ಣು ಒಣಗಲಿಲ್ಲ. ಬೇಸಿಗೆಯಲ್ಲೂ ಕೆಸರು. ಯಾರು ಕಾಲಿಟ್ಟರೂ ಜಾರುವುದೇ. ಹನ್ನೊಂದು ತಿಂಗಳಾದ ಮೇಲೆ ಅವನು ಹೋಗಿ ಆ ಮುದುಕನನ್ನು ಹೆಗಲ ಮೇಲೆ ಹೊತ್ತು ತಂದ. ಸಂಜೆಗೆ ಮಣ್ಣು ಹಿಟ್ಟಿನ ಹಾಗೆ ಒಣಗಿತ್ತಂತೆ.

ಇವೆಲ್ಲ ನನಗೆ ಆಮೇಲೆ ಗೊತ್ತಾದವು. ಮೊದಲ ತಿಂಗಳುಗಳಲ್ಲಿ ನನಗೆ ಗೊತ್ತಿದ್ದದ್ದು ರಾಗಿ ಬೀಸುವುದು, ಮುದ್ದೆ ತಿರುವುವುದು, ನೀರು ಸೇದುವುದು. ಪೈಲ್ವಾನರು ಮೂವರೂ ಸೋತಿದ್ದರೂ ಅವರ ಹೊಟ್ಟೆ ಸೋತಿರಲಿಲ್ಲ. ಅಡುಗೆಮನೆಯಲ್ಲಿ ಅತ್ತದ್ದೂ ಉಂಟು. ಆಚಾರ್ರು ಅದನ್ನು ಹೇಗೋ ತಿಳಿದುಕೊಂಡು, ಒಂದು ಬೆಳಿಗ್ಗೆ ಏನೂ ಹೇಳದೆ ಬೀಸುಕಲ್ಲಿಗೆ ಎರಡು ಕೈ ಹಿಡಿಯುವಂಥ ಉದ್ದ ಗೂಟ ಹಾಕಿದರು. ಮಾರನೆಯ ದಿನದಿಂದ ಎದುರು ಕೂತು ತಾವೂ ಬೀಸಿದರು.

ಮಾತಾಡದೆ ಉಳಿದವರು ಸತ್ತಾರ್ ಸಾಬರೊಬ್ಬರೇ. ಉಣ್ಣುವರು, ನಮಾಜು ಮಾಡುವರು, ಮತ್ತೆ ಗೋಡೆಗೆ ತಿರುಗುವರು. ಹೀಗೇ ಒಂದೂವರೆ ವರ್ಷ ಕಳೆಯಿತು. ನನ್ನ ಮಗಳು ಚಂಪಾ ಹುಟ್ಟಿದ್ದಳು. ಕೂಸು ಹೊಟ್ಟೆ ಬಿಗಿದುಕೊಂಡು ಎರಡು ದಿನದಿಂದ ಕಿರುಚುತ್ತಿತ್ತು. ಎರೆಯಲು ಬರುತ್ತಿದ್ದ ಅಜ್ಜಿಗೆ ಜ್ವರ. ನಾನು ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಿದ್ದೆ. ಸಾಬರು ಎದ್ದು ಕೂತರು. ಎರಡೂ ಕೈ ಚಾಚಿ, "ಇಲ್ಲಿ ಕೊಡು ತಾಯಿ" ಅಂದರು. ನಮ್ಮ ಮನೆಯಲ್ಲಿ ಅವರಾಡಿದ ಮೊದಲ ಮಾತು ಅದು.

ಹೆದರಿಕೊಂಡೇ ಕೊಟ್ಟೆ. ಅವರು ಹರಳೆಣ್ಣೆ ಬಿಸಿ ಮಾಡಿಸಿದರು. ಕಾಲು ಚಾಚಿ ಕೂತು, ಎರಡು ದಿಮ್ಮಿಯಂಥ ತೊಡೆಗಳ ನಡುವೆ ಕೂಸನ್ನು ಮಲಗಿಸಿಕೊಂಡರು. ಗಂಡಾಳುಗಳನ್ನು ಎತ್ತಿ ಒಗೆದ ಕೈ ಅದು. ಹೊಕ್ಕುಳ ಸುತ್ತ ಎರಡು ಬೆರಳಲ್ಲಿ ನೀವಿದರು, ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಿ ಬಿಟ್ಟರು, ಮತ್ತೆ ಒತ್ತಿದರು. ಕೂಸಿನ ಹೊಟ್ಟೆ ಸಡಿಲವಾಯಿತು. ಆಮೇಲೆ ಅಲ್ಲೇ ನೀರೆರೆದರು. ಕೂಸು ಅವರ ಕಾಲ ಮೇಲೇ ನಿದ್ದೆ ಹೋಯಿತು. ಎತ್ತಿಕೊಳ್ಳಲು ಹೋದರೆ, "ಇರಲಿ ಬಿಡಮ್ಮ, ಎಚ್ಚರಾಗ್ತದೆ" ಅಂತ ಉಸಿರು ಬಿಗಿಹಿಡಿದು ಕೂತರು. ಕಾಲು ಜೋಮು ಹಿಡಿದು ಏಳಲಾಗದೆ ಆಚಾರ್ರು ಎತ್ತಬೇಕಾಯಿತು.

ಆರು ತಿಂಗಳೊಳಗೆ ಊರಿನ ಬಾಣಂತಿಯರೆಲ್ಲ ಕೂಸು ಎರೆಸಲು ನಮ್ಮ ಹಿತ್ತಲಿಗೆ ಬರುತ್ತಿದ್ದರು. ಸತ್ತಾರ್ ಸಾಬರು ಒಂದೊಂದೇ ಕೂಸನ್ನು ಎಣ್ಣೆ ಹಚ್ಚಿ ನೀವಿ, "ಇವನು ಗೆಲ್ಲೋ ಹುಡುಗ", "ಇವಳು ಯಾರಿಗೂ ಬಗ್ಗೋಳಲ್ಲ" ಅಂತ ಹೇಳಿ ಕಳಿಸುವರು.

ಮಂಗಳವಾರ ಮಂಗಳವಾರ ಆಚಾರ್ರ ಹೆಂಡತಿ ಪದ್ಮಾವತಮ್ಮ ಬರುತ್ತಿದ್ದರು. ಗಂಡ ಹೆಂಡತಿ ಜಗುಲಿಯ ಮೇಲೆ ಕೂತು ತಮ್ಮ ಮನೆಯ ಹೆಂಚಿನ ವಿಷಯ, ಮೊಮ್ಮಗನ ಹಲ್ಲಿನ ವಿಷಯ ಮಾತಾಡುವರು. ಹೊತ್ತು ಇಳಿಯುತ್ತಿದ್ದ ಹಾಗೆ ಆಕೆ ಎದ್ದು ಸೆರಗು ಸರಿಮಾಡಿಕೊಂಡು ಹೋಗುವರು. ಒಮ್ಮೆ ನಾನು ಕೇಳಿದೆ, "ಹಿಂಗಿರೋದು ಅಭ್ಯಾಸ ಆಯ್ತದಾ ಅಮ್ಮ?"

"ಆಗುತ್ತಮ್ಮ" ಅಂದರು. ಎರಡು ಹೆಜ್ಜೆ ಹೋದವರು ತಿರುಗಿ, "ಎಲ್ಲರಿಗೂ ಆಗುತ್ತಂತೆ. ನನಗೆ ಆಗಲಿಲ್ಲ" ಅಂದರು.

ಹನ್ನೆರಡು ವರ್ಷ ನನ್ನ ಗಂಡ ಪಟ್ಟ ಬಿಡಲಿಲ್ಲ. ಪಟ್ಟಕ್ಕೆ ಆಡುವವನು ಮಹಾನವಮಿಯ ಕುಸ್ತಿಗೆ ಮೊದಲು ಬಂದು ನಮ್ಮ ಹೊಸ್ತಿಲ ಮೇಲೆ ಒಂದು ಹಿಡಿ ಕೆಂಪು ಮಣ್ಣು ಇಟ್ಟು ಹೋಗಬೇಕು. ಕೆಲವು ವರ್ಷ ಮಣ್ಣು ಬಂತು, ಕೆಲವು ವರ್ಷ ಬರಲಿಲ್ಲ. ಹದಿಮೂರನೆಯ ವರ್ಷದ ಹೊತ್ತಿಗೆ ಅವನ ಬಲ ಮಂಡಿ ಕೆಟ್ಟಿತ್ತು. ಕೂತರೆ ಏಳುವಾಗ ಬಾಯಿ ಬಿಗಿಹಿಡಿಯುತ್ತಿದ್ದ. ಸಾಬರು ದಿನಾ ನೀವುತ್ತಿದ್ದರು. "ಇದು ನೀವಿದ್ರೆ ಹೋಗೋ ನೋವಲ್ಲ ಜವರಣ್ಣ" ಅಂತ ಅವರೇ ಹೇಳಿದ್ದರು.

ಆ ವರ್ಷ ಹೊಸ್ತಿಲ ಮೇಲೆ ಮಣ್ಣು ಇಟ್ಟವನು ಬಂಡೆಕೇರಿಯ ರಾಚ. ಕಲ್ಲು ಕುಟ್ಟುವವನು, ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ, ತಾಯಿಯೊಬ್ಬಳೇ. ಅವನ ತೋಳು ನೋಡಿದ ಯಾರಿಗಾದರೂ ಈ ಸಲ ಗೆಲ್ಲುವವನು ಯಾರೆಂದು ಗೊತ್ತಿತ್ತು. ನನ್ನ ಗಂಡನಿಗೂ ಗೊತ್ತಿತ್ತು. ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಗೂಡಿನಲ್ಲಿಟ್ಟು, "ಚಂಪಾನ ಸ್ಕೂಲಿಗೆ ನೀನೇ ಬಿಟ್ಟು ಬಾ ಇವತ್ತು" ಅಂದ, ಅಷ್ಟೇ.

ಮರುದಿನ ನಾನು ಯಾರಿಗೂ ಹೇಳದೆ ಬಂಡೆಕೇರಿಗೆ ಹೋದೆ. ನನ್ನವರು ನಾಲ್ಕು ಜನ ಹೋಗಿ ಇರಬೇಕಾದ ಮನೆ ಹೇಗಿದೆ ನೋಡಬೇಕಿತ್ತು. ಬಂಡೆಯಲ್ಲಿ ಕಡಿದ ಮೂವತ್ತೆರಡು ಮೆಟ್ಟಿಲು. ಮೇಲೆ ಒಂದೇ ಕೋಣೆಯ ಕಲ್ಲಿನ ಮನೆ. ಬಾಗಿಲಲ್ಲಿ ಕಾಲು ಚಾಚಿಕೊಂಡು ರಾಚನ ತಾಯಿ ಕೆಂಪನಂಜಮ್ಮ ಕೂತಿದ್ದಳು.

"ಯಾರವ್ವ?"

"ಜವರಯ್ಯನ ಹೆಂಡ್ತಿ."

"ಓಹೋ. ಹೆಣ್ಣು ಕೊಡೋರು ಮನೆ ನೋಡಕೆ ಬಂದಂಗೆ ಬಂದಿದ್ದೀಯ. ನೋಡವ್ವ, ನೋಡು. ಇದೇ ಅಡುಗೆಮನೆ, ಇದೇ ಪಡಸಾಲೆ, ಇದೇ ಬಚ್ಚಲು."

"ಮುದ್ದಯ್ಯಜ್ಜನ ಕೈಲಿ ಈ ಮೆಟ್ಲು ಹತ್ತಕಾಗಲ್ಲ" ಅಂದೆ.

"ನನ್ನ ಕೈಲಿ ಇಳಿಯಕಾಗಲ್ಲ. ಎರಡು ವರ್ಷ ಆಯ್ತು ನಾನು ಸಂತೆ ಮುಖ ನೋಡಿ. ಮಂಡಿ ಎರಡೂ ಹೋಗವೆ."

"ಹಂಗಿದ್ರೂ ಮಗನಿಗೆ ಬೇಡ ಅನ್ನಬಾರದಾ ನೀವು?" ಅಂದೆ.

ಮುದುಕಿ ನನ್ನನ್ನೇ ನೋಡಿದಳು. "ನನ್ನ ಮಗ ಹಾಲು ಕುಡಿಯೋದು ಬಿಟ್ಟಾಗಿಂದ ಇದೊಂದೇ ಕನಸು ಕಾಣ್ತವ್ನೆ. ಹದಿಮೂರು ವರ್ಷದ ಹಿಂದೆ ನಿನ್ನ ಗಂಡಂಗೆ ನೀನು ಬೇಡ ಅಂದಿದ್ಯಾ?"

ನಾನು ಅವಳ ಪಕ್ಕ ಕೂತೆ. ಅವಳು ಒಂದು ಲೋಟ ಮಜ್ಜಿಗೆ ಬಗ್ಗಿಸಿ ಕೊಟ್ಟಳು. ನಾನು ಕುಡಿಯುವಾಗ ಏನೇನೋ ಕೇಳಿದಳು. ನಿಮ್ಮ ಮನೆ ಎಷ್ಟು ಅಂಕಣ, ಬಾವಿ ಒಳಗೋ ಹೊರಗೋ, ಹೊಸ್ತಿಲು ಎತ್ತರವೋ ತಗ್ಗೋ, ರಾತ್ರಿ ಎದ್ದರೆ ಹಿತ್ತಲಿಗೆ ದೂರವೋ. ಮುದುಕಿಗೆ ಮಾತಿನ ಆಸೆ ಅಂದುಕೊಂಡು ಎಲ್ಲದಕ್ಕೂ ಉತ್ತರ ಹೇಳಿದೆ. ಹೊರಡುವಾಗ, "ಆ ಅಜ್ಜ ಏನು ಉಣ್ತಾನೆ?" ಅಂದಳು. "ಮುದ್ದೆ ಕಷ್ಟ. ಅನ್ನ ಮಿದಿಸಿ ಹಾಲು ಹಾಕಬೇಕು. ಬೆಲ್ಲ ಕೇಳ್ತಾನೆ, ಕೊಡಬೇಡಿ" ಅಂದವಳು ಮೆಟ್ಟಿಲಿಳಿದು ಬಂದು ಅರಳಿಕಟ್ಟೆಯ ಮೇಲೆ ಕೂತು ಅತ್ತೆ.

ನಾನು ಯಾವತ್ತೂ ಕುಸ್ತಿ ನೋಡಲು ಹೋದವಳಲ್ಲ. ಆ ಸಲ ಹೋದೆ. ಚಂಪಾ ನನ್ನ ಕೈ ಹಿಡಿದುಕೊಂಡಿದ್ದಳು. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಕೈ ಕೊಟ್ಟರು. ನನ್ನ ಗಂಡ ಅಷ್ಟು ಚೆನ್ನಾಗಿ ಆಡುತ್ತಾನೆ ಅಂತ ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಸೌದೆ ಒಡೆಯುವ, ಮಗಳ ಜಡೆಗೆ ರಿಬ್ಬನ್ ಕಟ್ಟಲು ಒದ್ದಾಡುವ ಆ ಮನುಷ್ಯ ಮಣ್ಣಿನ ಮೇಲೆ ನೀರಿನ ಹಾಗೆ ಹರಿಯುತ್ತಿದ್ದ. ರಾಚ ಎರಡು ಸಲ ಬೀಳುವಂತಾಗಿ ತಪ್ಪಿಸಿಕೊಂಡ. ಅರ್ಧ ಗಂಟೆ ಕಳೆಯಿತು. ನನ್ನ ಗಂಡನ ಬಲ ಮಂಡಿ ರಾಚನ ಎದುರಿಗೇ ಇತ್ತು, ಒಂದು ಸಲ ಹಿಡಿದು ತಿರುವಿದ್ದರೆ ಮುಗಿಯುತ್ತಿತ್ತು. ಅವನು ಅದನ್ನು ಬಿಟ್ಟು ಬಿಟ್ಟು ಸುತ್ತಿ ಬರುತ್ತಿದ್ದ. ಕೊನೆಗೆ ಸೊಂಟಕ್ಕೆ ಕೈ ಹಾಕಿ, ಎತ್ತಿ, ಮೆಲ್ಲಗೆ ಅಂತಲೇ ಹೇಳಬೇಕು, ಮಲಗಿಸಿದ. ಬೆನ್ನು ಮಣ್ಣಿಗೆ ತಾಗಿತು. ಜನ ಕೂಗಿದರು. ಚಂಪಾ ನನ್ನ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಗಂಟು ಕಟ್ಟಲು ನಾನು ಮನೆಗೆ ಬಂದೆ. ಸಾಬರು ತಮ್ಮ ಚಾಪೆ ಸುತ್ತಿಟ್ಟು ಕೂತಿದ್ದರು. ಆಚಾರ್ರು ಮುದ್ದಯ್ಯಜ್ಜನಿಗೆ ಅಂಗಿ ತೊಡಿಸುತ್ತಿದ್ದರು. ನನ್ನ ಗಂಡನ ಎರಡು ಪಂಚೆ, ಎರಡು ಅಂಗಿ, ಒಂದು ಕಂಬಳಿ ಕಟ್ಟಿದೆ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದೆ. ಕರೆಯಲು ಯಾರೂ ಬರಲಿಲ್ಲ. ಒಂದು ಗಂಟೆಯ ಮೇಲಾಯಿತು. ಆಮೇಲೆ ಬೀದಿಯಲ್ಲಿ ಸದ್ದಾಯಿತು.

ಹೊರಗೆ ಬಂದು ನೋಡಿದರೆ ರಾಚ ತಾಯಿಯನ್ನು ಬೆನ್ನ ಮೇಲೆ ಹೊತ್ತು ಬರುತ್ತಿದ್ದ. ಮುದುಕಿಯ ತೋಳಲ್ಲಿ ಎರಡು ಪಾತ್ರೆ, ಒಂದು ಬಟ್ಟೆ ಗಂಟು. ಪಟ್ಟದ ನಡುಪಟ್ಟಿಯನ್ನೂ ಅವಳೇ ಕೊರಳಿಗೆ ಹಾಕಿಕೊಂಡಿದ್ದಳು. ಹಿಂದೆ ನನ್ನ ಗಂಡ ತಲೆ ಬಗ್ಗಿಸಿ ಕುಂಟುತ್ತಿದ್ದ. ಅವನ ಹಿಂದೆ ಅರ್ಧ ಊರು. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ್ ಬೋರಯ್ಯನವರು ದಾರಿಯುದ್ದಕ್ಕೂ ಕೂಗಾಡುತ್ತಿದ್ದರು. "ಇದೆಂಗಾಯ್ತದೆ ಕೆಂಪನಂಜಿ? ಸೋತೋನು ಗೆದ್ದೋನ ಮನೆಗೆ ಹೋಗಬೇಕು. ಗೆದ್ದೋನು ಸೋತೋನ ಮನೆಗೆ ಹೋದದ್ದು ಎಲ್ಲಾದರೂ ಉಂಟಾ?"

ಮುದುಕಿ ಮಗನ ಬೆನ್ನ ಮೇಲಿಂದಲೇ ಉತ್ತರ ಕೊಟ್ಟಳು. "ಗೆದ್ದೋನ ಮನೇಲಿ ಇರಬೇಕು ಅಂತ ತಾನೆ ಇರೋದು? ಗೆದ್ದೋನ ಮನೆ ಯಾವುದು ಅಂತ ಗೆದ್ದೋನು ಹೇಳ್ತಾನೆ. ಲೇ ರಾಚ, ಹೇಳೋ."

ರಾಚ ನನ್ನ ಮುಖ ನೋಡಿದ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. "ಅಕ್ಕ, ನೀವು ಬೇಡ ಅಂದ್ರೆ ವಾಪಸ್ ಹೋಯ್ತೀವಿ. ಬಾ ಅಂದ್ರೆ ಇದೇ ನನ್ನ ಮನೆ" ಅಂದ.

ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ.

ಮಾರನೆಯ ಬೆಳಿಗ್ಗೆ, ಮಣ್ಣು ಕೆಸರಾಗಿದೆಯೋ ಏನೋ ನೋಡಲು, ಊರೆಲ್ಲ ಗರಡಿಯ ಬಾಗಿಲಲ್ಲಿತ್ತು. ಬೋರಯ್ಯನವರು ಬರಿಗಾಲಲ್ಲಿ ಒಳಗೆ ಹೋಗಿ ಒಂದು ಬೊಗಸೆ ಮಣ್ಣು ಎತ್ತಿದರು. ಬೆರಳ ಸಂದಿಯಿಂದ ಸಣ್ಣಗೆ, ಜರಡಿ ಹಿಡಿದ ಹಿಟ್ಟಿನ ಹಾಗೆ ಸುರಿಯಿತು. "ಮಣ್ಣು ಒಪ್ಪಿದೆ. ನಂದೇನಿದೆ" ಅಂದು ಕೈ ಒರೆಸಿಕೊಂಡರು. ಎಲ್ಲರೂ ನಕ್ಕರು. ಪದ್ಮಾವತಮ್ಮ ಮಾತ್ರ ನಗಲಿಲ್ಲ. ಆ ಮಂಗಳವಾರ ನಮ್ಮ ಜಗುಲಿಗೆ ಬಂದು ಗಂಡನ ಪಕ್ಕ ಕೂತರು. "ಇಷ್ಟು ಸುಲಭ ಇತ್ತಾ? ನನಗ್ಯಾಕೆ ಯಾರೂ ಹೇಳಿಕೊಡಲಿಲ್ಲ?" ಅಂದರು. ಆಚಾರ್ರು ಹೆಂಡತಿಯ ಕೈ ಹಿಡಿದುಕೊಂಡರು. ಅವರು ಹಾಗೆ ಜನರೆದುರು ಕೈ ಹಿಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಒಳಗೆ ಎದ್ದು ಹೋದೆ.

ಸುಲಭವೂ ಆಗಿರಲಿಲ್ಲ. ಮನೆ ಅದೇ, ಗೋಡೆ ಅದೇ, ಆದರೆ ನನ್ನದಲ್ಲ. ನನ್ನ ಒಲೆಯಲ್ಲಿ ಬೆಂದದ್ದನ್ನು ನನ್ನ ಗಂಡ ಉಣ್ಣುವ ಹಾಗಿರಲಿಲ್ಲ. ನನ್ನ ಒಲೆ ಒಡೆದು, ಆ ಜಾಗದಲ್ಲಿ ಕೆಂಪನಂಜಮ್ಮ ತನ್ನ ಕೈಯಾರೆ ಹೊಸ ಒಲೆ ಹಾಕಿದಳು. "ಉಪ್ಪು ಎಲ್ಲೈತವ್ವ? ಸೌಟು ಎಲ್ಲೈತೆ?" ಅಂತ ಕೇಳುವಳು, ನಾನು ತೋರಿಸುವೆ. ತರಕಾರಿ ಹೆಚ್ಚಿಕೊಡುವೆ, ನೀರು ತರುವೆ, ಬಡಿಸುವಾಗ ಗೋಡೆಗೆ ಒರಗಿ ನಿಲ್ಲುವೆ. ಅವಳ ಸಾರು ನನ್ನ ಸಾರಿಗಿಂತ ಖಾರ. ಮುದ್ದಯ್ಯಜ್ಜ ಎರಡೇ ದಿನಕ್ಕೆ ಅವಳಿಂದ ಬೆಲ್ಲ ಗಿಟ್ಟಿಸಿಕೊಂಡ.

ನನ್ನ ಗಂಡ ಗೋಡೆಗೆ ಮುಖ ಮಾಡಿ ಮಲಗಿದ. ಸ್ವಂತ ಮನೆಯಲ್ಲಿ, ತಾನೇ ಸುಣ್ಣ ಬಳಿದ ಗೋಡೆಗೆ. ಸೋತ ಮೇಲಿನ ಮೊದಲ ಊಟವನ್ನು ಗೆದ್ದವನೇ ಬಡಿಸಬೇಕು. ರಾಚ ತಟ್ಟೆ ತಂದಿಟ್ಟು ಕೈ ಕಟ್ಟಿ ನಿಂತ. ಇವನು ಎದ್ದು ಉಂಡ, ಮುಖ ಎತ್ತಲಿಲ್ಲ. ಎಂಟನೆಯ ದಿನವೂ ಅವನು ಗೋಡೆಗೆ ತಿರುಗಿದ್ದಾಗ ನಾನು ಪಕ್ಕದಲ್ಲಿ ಕೂತು, "ಯಾಕಿಂಗೆ? ಎಲ್ಲಾರೂ ಇಲ್ಲೇ ಇದ್ದೀವಲ್ಲ" ಅಂದೆ.

"ಮಂಡಿ ಹಿಡಿದಿದ್ರೆ ಎರಡು ನಿಮಿಷದ ಕೆಲಸ" ಅಂದ ಗೋಡೆಗೆ. "ಹಿಡೀಲಿಲ್ಲ. ಕನಿಕರ ತೋರಿಸಿ ಗೆದ್ದ ಅವನು. ಈಗ ಮನೇನೂ ಕನಿಕರದ್ದೇ."

ಸಾಬರು ನನ್ನನ್ನು ಹಿತ್ತಲಿಗೆ ಕರೆದರು. "ನಾನು ಒಂದೂವರೆ ವರ್ಷ ಮಲಗಿದ್ದೆ ತಾಯಿ. ಇವನಿಗಿನ್ನೂ ಎಂಟು ದಿನ. ಬಿಡು" ಅಂದರು.

ರಾಚ ದಿನಾ ಬೆಳಗಾಗುವಾಗ ಹಿತ್ತಲಲ್ಲಿ ಸಾಮು ಮಾಡುತ್ತಿದ್ದ. ಸಾಬರ ಜೊತೆ ಕೈ ಕೈ ಹಿಡಿದು ಪಟ್ಟುಗಳ ಅಭ್ಯಾಸ. ಹನ್ನೊಂದನೆಯ ದಿನ ನಾನು ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ನನ್ನ ಗಂಡ ಬಂದು ನಿಂತದ್ದು ಕಂಡಿತು. ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಡೆಯಲಾರದವನ ಹಾಗೆ, "ಲೇ" ಅಂದ.

ರಾಚ ನಿಂತ.

"ಎತ್ತುವಾಗ ಎಡಗಾಲು ಯಾಕೋ ಹಿಂದಕ್ಕಿಡ್ತೀಯ?"

"ಅಭ್ಯಾಸ ಅಣ್ಣ."

"ನನಗೆ ಮಂಡಿ ನೆಟ್ಟಗಿದ್ದಿದ್ರೆ ಅವತ್ತು ಅದೇ ಕಾಲು ಎಳೆದು ನಿನ್ನ ಬೀಳಿಸ್ತಿದ್ದೆ. ಮುಂದಿನ ವರ್ಷ ಬರೋನಿಗೆ ಮಂಡಿ ನೆಟ್ಟಗಿರ್ತದೆ."

"ಮಂಡಿ ವಿಷಯ..." ಅಂತ ರಾಚ ತಡವರಿಸಿದ. "ಅಣ್ಣ, ಕನಿಕರ ಅಲ್ಲ. ನಿಮ್ಮನ್ನ ಸೋಲಿಸಬೇಕು ಅಂತ ಹನ್ನೆರಡು ವರ್ಷ ಸಾಮು ಮಾಡಿದೋನು ನಾನು. ನಿಮ್ಮ ಮಂಡಿನ ಸೋಲಿಸಿ ಏನು ಮಾಡ್ಲಿ?"

ನನ್ನ ಗಂಡ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಅಂಗಿ ಬಿಚ್ಚಿ ಬಾವಿಕಟ್ಟೆಯ ಮೇಲೆ ಎಸೆದು, ಕುಂಟುತ್ತಾ ಮಣ್ಣಿಗಿಳಿದ. "ಬಾ, ನನ್ನ ಎತ್ತು. ಕಾಲು ಮುಂದಿಟ್ಟು ಎತ್ತು."

ರಾಚ ಎತ್ತಿ ಮಲಗಿಸಿದ. "ಇನ್ನೂ ಹಿಂದಕ್ಕೇ ಹೋಯ್ತು. ಇನ್ನೊಂದ್ಸಲ" ಅಂದ ನನ್ನ ಗಂಡ ಬಿದ್ದಲ್ಲಿಂದಲೇ. ಮತ್ತೆ ಎತ್ತಿದ, ಮತ್ತೆ ಮಲಗಿಸಿದ. ಆಚಾರ್ರು ಬಂದು ತಮ್ಮ ಕಾಲದ ಪಟ್ಟು ಬೇರೆ ಅಂತ ವಾದಕ್ಕೆ ನಿಂತರು. ಮುದ್ದಯ್ಯಜ್ಜ ಕಟ್ಟೆಯ ಮೇಲೆ ಕೂತು, ಯಾರು ಬಿದ್ದರೂ ಚಪ್ಪಾಳೆ ತಟ್ಟಿದ. ಚಂಪಾ ಸ್ಕೂಲಿನ ಚೀಲ ಹಾಕಿಕೊಂಡೇ ನಿಂತು ನೋಡಿದಳು.

"ಏನವ್ವ ಅದು ಗಲಾಟೆ?" ಅಂತ ಒಲೆಯ ಮುಂದಿನಿಂದ ಕೆಂಪನಂಜಮ್ಮ ಕೇಳಿದಳು.

"ನಿಮ್ಮ ಮಗನಿಗೆ ಬೈತಾವ್ನೆ."

"ಬೈಲಿ ಬಿಡು. ಅಪ್ಪ ಇಲ್ದೆ ಬೆಳೆದೋನು, ಬೈಸಿಕೊಂಡೇ ಇಲ್ಲ" ಅಂದಳು ಮುದುಕಿ.

ಬಿಸಿಲು ಏರಿದ ಮೇಲೆ ನನ್ನ ಗಂಡ ನೀರಿನ ತೊಟ್ಟಿಯ ಹತ್ತಿರ ಬಂದು ಬಗ್ಗಿ ಕೂತ. ಬೆನ್ನೆಲ್ಲ ಮಣ್ಣು. ಹದಿಮೂರು ವರ್ಷದಲ್ಲಿ ಆ ಬೆನ್ನಿಗೆ ಮಣ್ಣು ಮೆತ್ತಿದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದು. ಚೊಂಬಿನಲ್ಲಿ ನೀರು ಹುಯ್ಯುತ್ತಾ, "ಎಷ್ಟು ಸಲ ಬಿದ್ದೆ?" ಅಂತ ಕೇಳಿದೆ.

"ಯಾರಿಗೆ ಗೊತ್ತು" ಅಂದ. ಅವನು ನಗುತ್ತಿದ್ದಾನೆ ಅಂತ ಅವನ ಬೆನ್ನು ಅಲುಗಿದ್ದರಲ್ಲೇ ನನಗೆ ತಿಳಿಯಿತು. "ಮೆಲ್ಲಗೆ ಉಜ್ಜೆ. ಅವನು ಮೆಲ್ಲಗೆ ಬೀಳಿಸೋದನ್ನ ಇನ್ನೂ ಸರಿಯಾಗಿ ಕಲಿತಿಲ್ಲ."